ಸ್ಟುಡಿಯೋದ ಕರಿ ಕೋಟು

"ಈ ಕೋಟು ಹಾಕ್ಕೊಂಡು ಸ್ಟೂಲ್ ಮೇಲೆ ಕೂತ್ಕೋಮ್ಮ," ಎಂದು ಫೋಟೊ ಸ್ಟುಡಿಯೋದ ಮುದುಕ ಕರಿ ಕೋಟನ್ನು ಸೊಸೆಯ ಮುಂದೆ ಹಿಡಿದ. ಕೌಂಟರಿನಲ್ಲಿ ಫೋಟೊ ಕತ್ತರಿಸುತ್ತಿದ್ದ ಸೊಸೆ ತಲೆ ಎತ್ತಲಿಲ್ಲ. ಸರ್ಕಾರಿ ಕೆಲಸಕ್ಕೆ ಅರ್ಜಿ ಹಾಕಲು ಅದೇ ಕಡೆಯ ದಿನ. ಬೆಳಗಿನಿಂದ ಫೋಟೊಗೆ ಬಂದವರಿಗೆಲ್ಲ, "ಅರ್ಜಿ ಹಾಕಿ ನೋಡಿ, ನೀರಿಗಿಳೀದೆ ಈಜು ಬರುತ್ತಾ?" ಎಂದು ಹುರಿದುಂಬಿಸಿದವಳು ತಾನು ಮಾತ್ರ ದಡದಲ್ಲೇ ನಿಂತಿದ್ದಳು. ಮುಂದಿನ ವರ್ಷಕ್ಕೆ ಅವಳ ವಯಸ್ಸು ಮೀರುತ್ತಿತ್ತು.

"ಎರಡು ಸಲ ಪರೀಕ್ಷೆ ಬರೆದಿದ್ದಾಯ್ತಲ್ಲ ಮಾವ. ನೂರು ಹುದ್ದೆಗೆ ಲಕ್ಷ ಜನ. ನನ್ನ ಹಣೇಲಿ ಬರೆದಿಲ್ಲ, ಬಿಡಿ."

"ಹಣೇಲಿ ಏನು ಬರೆದಿದೆ ಅಂತ ಫೋಟೊ ತೆಗೆದ ಮೇಲೆ ನೋಡೋಣ. ಮೊದಲು ಮುಖ ತೊಳ್ಕೊಂಡು ಬಾ."

ಊರಿನ ಅರ್ಧಕ್ಕರ್ಧ ಸಾಹೇಬರು ಮೊದಲ ಸಲ ಸಾಹೇಬರಾದದ್ದು ಆ ಕೋಟಿನೊಳಗೇ. ಅದನ್ನು ಯಾವ ಆಜಾನುಬಾಹುವಿನ ಅಳತೆಗೆ ಹೊಲಿದಿದ್ದರೋ, ಸಣಕಲು ಹುಡುಗರು ತೊಟ್ಟರೆ ಮೊಳೆಗೆ ನೇತುಹಾಕಿದ ಹಾಗೆ ಕಾಣುತ್ತಿತ್ತು. ಆಗ ಮುದುಕನ ಹೆಂಡತಿ ಸ್ಟೂಲಿನ ಹಿಂದೆ ಕುಕ್ಕರಗಾಲಲ್ಲಿ ಕೂತು, ಬೆನ್ನಿನ ಕಡೆಯ ಸಡಿಲ ಬಟ್ಟೆಯನ್ನು ಮುಷ್ಟಿಯಲ್ಲಿ ಬಿಗಿಯಾಗಿ ಹಿಡಿಯುತ್ತಿದ್ದಳು. "ಹೆದರಬೇಡಪ್ಪ, ನೆಟ್ಟಗೆ ಕೂರು. ಈ ಸಲ ನಿಂದೇ," ಎಂದು ಪಿಸುಗುಟ್ಟುವಳು. ಕೆಲಸ ಸಿಕ್ಕವರು ಸಿಹಿ ತಂದರೆ ತಿನ್ನುವಳು. ಸಿಗದವರನ್ನು ಗದರಿಸಿ ಮತ್ತೆ ಸ್ಟೂಲಿಗೆ ಹತ್ತಿಸುವಳು. ಅವಳೂ ಓದಿದವಳೇ. ಊರಿಗೆಲ್ಲ ಧೈರ್ಯ ಹಂಚಿದಾಕೆ ತನ್ನ ಸರದಿಗೆ "ಮುಂದಿನ ಸಲ, ಮುಂದಿನ ಸಲ" ಎನ್ನುತ್ತಲೇ ವಯಸ್ಸು ದಾಟಿಸಿಬಿಟ್ಟಳು. ಈಗ ಅವಳೇ ಇಲ್ಲ.

ಮಾವನ ಹಟಕ್ಕೆ ಸೋತು ಸೊಸೆ ಕೋಟು ತೊಟ್ಟಳು. ಕೈಬೆರಳ ತುದಿ ಸಹ ಹೊರಗೆ ಬರಲಿಲ್ಲ.

"ಹಿಂದೆ ಒಂದು ಕ್ಲಿಪ್ ಹಾಕಿಬಿಡಿ ಮಾವ, ಸಾಕು."

"ಕ್ಲಿಪ್ ಹಾಕಿದ್ರೆ ಕೋಟು ನಿಲ್ಲತ್ತೆ, ಬೆನ್ನು ನಿಲ್ಲಲ್ಲ."

ಕ್ಯಾಮೆರಾ ತಾನಾಗಿ ಕ್ಲಿಕ್ಕಾಗುವಂತೆ ಅಣಿಮಾಡಿ, ಮಂಡಿನೋವಿನ ಮುದುಕ ಕುಂಟುತ್ತ ಓಡಿ ಸ್ಟೂಲಿನ ಹಿಂದೆ ಸೇರಿಕೊಂಡ. ಮೊದಲ ಫೋಟೊದಲ್ಲಿ ಸೊಸೆಯ ಹೆಗಲ ಮೇಲೆ ಮಾವನ ಬೋಳುತಲೆ ಹುಣ್ಣಿಮೆ ಚಂದ್ರನ ಹಾಗೆ ಮೂಡಿತ್ತು. ಅವಳು ಬಿದ್ದು ಬಿದ್ದು ನಕ್ಕಳು. ಎಷ್ಟೋ ದಿನದ ಮೇಲೆ ಆ ಕೋಣೆಯಲ್ಲಿ ನಗು ಕೇಳಿ ಮುದುಕನಿಗೂ ಹಿತವಾಯಿತು. ಎರಡನೆಯ ಸಲ ಅವನು ನೆಲಕ್ಕೇ ಕೂತು, ಕೋಟನ್ನು ಮುಷ್ಟಿಯಲ್ಲಿ ಬಿಗಿಹಿಡಿದ.

"ಹೆದರಬೇಡಮ್ಮ, ನೆಟ್ಟಗೆ ಕೂರು. ಈ ಸಲ ನಿಂದೇ."

ಸೊಸೆಯ ಬೆನ್ನು ನೆಟ್ಟಗಾದದ್ದು ಅವನ ಕೈಗೆ ತಿಳಿಯಿತು. ಬೆಳಕು ಫಳಕ್ಕೆಂದಿತು.

ಅವಳು ಎದ್ದುಹೋಗಿ ಕ್ಯಾಮೆರಾದಲ್ಲಿ ತನ್ನ ಮುಖವನ್ನು ತುಂಬ ಹೊತ್ತು ನೋಡಿದಳು. ಆಮೇಲೆ, "ಅರ್ಜಿಗೆ ಇದನ್ನೇ ಹಾಕ್ತೀನಿ," ಎಂದಳು. "ಮಾವ, ನಿಮ್ಮ ಕೈ ಎಲ್ಲೂ ಕಾಣಿಸ್ತಿಲ್ಲ ಅಲ್ವಾ?"

ಏಳಲಾಗದೆ ಇನ್ನೂ ನೆಲದಲ್ಲೇ ಕೂತಿದ್ದ ಮುದುಕ ಗೋಡೆಯ ಕಡೆ ನೋಡಿದ. ಅಲ್ಲಿ ತೂಗುಹಾಕಿದ ಫೋಟೊಗಳಲ್ಲಿ ಅದೇ ಕೋಟು ತೊಟ್ಟ ಸಾಹೇಬರು ಸಾಲುಸಾಲಾಗಿ ಎದೆ ಸೆಟೆದು ಕೂತಿದ್ದರು.

"ಕಾಣಿಸಬಾರದಮ್ಮ. ಅಷ್ಟೂ ಫೋಟೊದಲ್ಲಿ ನಿಮ್ಮತ್ತೆ ಇದಾಳೆ. ಒಂದರಲ್ಲೂ ಕಾಣಿಸಲ್ಲ."