ತೊಟ್ಟಿಲ ಖರ್ಚು

"ಎರಡನೇ ಹೆಂಡ್ತಿಗೆ ಗಂಡು ಕೂಸು ಹುಟ್ಟೇತ್ರಿ ಸಾಹೇಬ್ರ. ಮೊದಲನೇಕಿ ಮಗಳಿಗೆ ತಿಂಗಳಾ ನಾಲ್ಕು ಸಾವಿರ ಕೊಡಾಕ ಆಗಂಗಿಲ್ರಿ. ಅರ್ಧಾ ಮಾಡ್ರಿ," ಎಂದು ಪ್ರಭು ಖರ್ಚಿನ ಪಟ್ಟಿಯನ್ನೂ ಒಂದು ಫೋಟೋವನ್ನೂ ನ್ಯಾಯಾಧೀಶರ ಮುಂದಿಟ್ಟ. ಪಟ್ಟಿಯ ಮೊದಲ ಸಾಲಿನಲ್ಲಿ, ಹೊಸದಾಗಿ ಕೊಂಡ ಕಲಘಟಗಿಯ ಬಣ್ಣದ ತೊಟ್ಟಿಲಿಗೆ ಇಪ್ಪತ್ತು ಸಾವಿರ ಎಂದಿತ್ತು. ಫೋಟೋದಲ್ಲಿ ಆ ತೊಟ್ಟಿಲೊಳಗೆ ಕೂಸು ಬಾಯಿ ತೆರೆದು ಮಲಗಿತ್ತು.

ಫೋಟೋ ಮೊದಲ ಹೆಂಡತಿ ಮಹಾನಂದಾಳ ಕೈಗೆ ಬಂತು. ಅವಳು ಬಹಳ ಹೊತ್ತು ನೋಡಿದಳು. ತೊಟ್ಟಿಲ ಅಂಚಿನ ಮೇಲೆ ಬೆರಳಿಟ್ಟು ತೋರಿಸಿ ಹಿಂದಿರುಗಿಸಿದಳು.

ನ್ಯಾಯಾಧೀಶರು ಕನ್ನಡಕ ಏರಿಸಿಕೊಂಡು ಗಟ್ಟಿಯಾಗಿ ಓದಿದರು: "ಮೊಮ್ಮಗಳು ದಾನೇಶ್ವರಿಗೆ, ಅಜ್ಜ ಈರಪ್ಪನಿಂದ." ಮಹಾನಂದಾಳ ಚೊಚ್ಚಿಲ ಬಾಣಂತನಕ್ಕೆ ತವರಿನವರು ಕೊಟ್ಟ ತೊಟ್ಟಿಲು ಅದು. ಪ್ರಭುವಿನ ಮನೆಯ ಅಟ್ಟದಿಂದ ಇಳಿಸಿದವರು ಧೂಳು ಒರೆಸುವಾಗ ಅಕ್ಷರಗಳನ್ನೂ ಹೊಳೆಯುವಂತೆ ಒರೆಸಿದ್ದರು. ಪ್ರಭು ತನ್ನ ಚಪ್ಪಲಿಗಳನ್ನು ನೋಡತೊಡಗಿದ.

"ತೊಟ್ಟಿಲು ವಾಪಸ್ ಬೇಕೇನಮ್ಮಾ?" ಎಂದರು ನ್ಯಾಯಾಧೀಶರು.

"ಬ್ಯಾಡ್ರಿ, ಮಲಗಿದ ಕೂಸಿನ್ನ ಎಬ್ಬಸಬಾರದು," ಎಂದಳು ಮಹಾನಂದಾ. "ಆದ್ರ ಆ ಇಪ್ಪತ್ತು ಸಾವಿರ ಅಪ್ಪ ಅಲ್ಲ, ತಮ್ಮಗ ಅಕ್ಕ ಕೊಟ್ಟಾಳಂತ ಬರಕೊಳ್ರಿ."