ಇನ್ನೊಂದು ಪಾರ್ಟಿ

ಖಾತೆ ಸರಿಯಿಲ್ಲದ ಮನೆಗೆ ಸಾಲ ಕೊಡಲಾಗದು ಎಂದು ಬ್ಯಾಂಕಿನವರು ಹೇಳಿದ ಮಧ್ಯಾಹ್ನವೇ ಗಂಡ ಹೆಂಡತಿ ಆ ಮನೆಯ ಮಾಲೀಕನೆದುರು ನಿಂತರು. ಮನೆ ಹುಡುಕಿಕೊಟ್ಟವಳು ಗಂಡನ ಅಕ್ಕ. ಮುಂಗಡ ಕೊಟ್ಟ ದಿನ ಅವಳೇ ಎಲ್ಲರಿಗೂ ಮೈಸೂರುಪಾಕು ಹಂಚಿದ್ದಳು.

"ಅಡ್ವಾನ್ಸ್ ವಾಪಸ್ ಕೊಟ್ಬಿಡಿ ಸಾರ್. ಇವಳ ಒಡವೆಯೆಲ್ಲ ಮಾರಿದ ದುಡ್ಡು ಅದು."

"ಅದು ಆಗ್ಲೇ ಖರ್ಚಾಗೋಯ್ತಪ್ಪ. ನೀವೇ ಇನ್ನೊಂದು ಪಾರ್ಟಿ ಕರ್ಕೊಂಡ್ ಬನ್ನಿ. ಅವರು ಕೊಡೋ ಅಡ್ವಾನ್ಸಲ್ಲಿ ನಿಮ್ದು ವಾಪಸ್ ಕೊಡ್ತೀನಿ."

ಹೆಂಡತಿಗೆ ಅಳು ತಡೆಯಲಾಗಲಿಲ್ಲ. "ಲೋನ್ ಆಗಲ್ಲ ಅಂತ ಗೊತ್ತಿದ್ದೂ ಇನ್ನೊಬ್ಬರನ್ನ ಹಾಳುಬಾವಿಗೆ ತಳ್ಳೋದಾ? ಯಾರಿಗಾದ್ರೂ ಮನಸ್ಸು ಬರುತ್ತಾ?"

ಮಾಲೀಕ ಗಂಡನ ಕಡೆ ತಿರುಗಿದ.

"ನಿಮ್ಮಕ್ಕನ ಅಡ್ವಾನ್ಸ್ ನಾನು ವಾಪಸ್ ಕೊಟ್ಟಿದ್ದು ನಿಮ್ಮ ದುಡ್ಡಲ್ಲೇ ಅಲ್ವೇನಪ್ಪ?"