ಹೆಸರಿಲ್ಲದ ಹನ್ನೆರಡು ಹಾಳೆ

ಸಂಗಯ್ಯನವರು ಹನ್ನೆರಡು ಹಾಳೆಗಳನ್ನು ಇಸ್ಪೀಟಿನ ಎಲೆಗಳಂತೆ ಮೇಜಿನ ಮೇಲೆ ಹರಡಿದರು. ಹನ್ನೆರಡರಲ್ಲೂ ಒಂದೇ ತಪ್ಪು.

"ಅಂದಾನಪ್ಪ, ಹೆಸರೆಲ್ಲಿ?"

ಅಂದಾನಪ್ಪ ಇಳಕಲ್ಲಿನಿಂದ ಬೆಳಗಿನ ಬಸ್ಸಿಗೆ ಬಂದಿದ್ದ. ನೇಕಾರರ ಸೊಸೈಟಿಗಳ ಲೆಕ್ಕ ತಪಾಸಣೆ ಅವನ ಕೆಲಸ. ಇಪ್ಪತ್ತು ವರ್ಷ ಬೇರೆಯವರನ್ನು ನಿಲ್ಲಿಸಿ ಪ್ರಶ್ನೆ ಕೇಳಿದವನು ಈಗ ಬಾಗಲಕೋಟೆಯಲ್ಲಿ, ಲೆಕ್ಕ ತಪಾಸಣಿಗರ ಸಂಘದ ಶಿಸ್ತು ಸಮಿತಿಯ ಮುಂದೆ, ಕೈಕಟ್ಟಿ ನಿಂತಿದ್ದ.

ಸಂಘದ ನಿಯಮ ಸರಳವಾಗಿತ್ತು. ಕಲಿತದ್ದು ಮುಗಿಯಿತೆಂದು ಯಾರೂ ಸುಮ್ಮನೆ ಕೂರಬಾರದು. ವರ್ಷಕ್ಕೆ ಆರು ಪಾಠದ ಪುಸ್ತಿಕೆಗಳು ಅಂಚೆಯಲ್ಲಿ ಬರುತ್ತವೆ. ಮನೆಯಲ್ಲಿ ಕೂತು ಓದಬೇಕು. ಓದಿದ ದಿನ, ಓದಿದ ತಾಸು, ತಿಳಿದುಕೊಂಡ ವಿಷಯ, ಓದಿದವರ ಹೆಸರು, ಇಷ್ಟನ್ನು ಅಚ್ಚು ಹಾಕಿದ ಹಾಳೆಯಲ್ಲಿ ತುಂಬಿ ಕಳಿಸಬೇಕು. ೧೯೮೧ರ ಆರು, ೧೯೮೨ರ ಆರು. ಎರಡು ವರ್ಷಕ್ಕೊಮ್ಮೆ ಸಮಿತಿ ಅವನ್ನು ತೆಗೆದು ನೋಡುತ್ತಿತ್ತು. ಅಂದಾನಪ್ಪನ ಮನೆಯಿಂದ ಹನ್ನೆರಡೂ ಹೊತ್ತಿಗೆ ಸರಿಯಾಗಿ ಬಂದಿದ್ದವು. ಲಕೋಟೆಯ ಹಿಂದಿನ ಮನೆ ನಂಬರಿನಿಂದ ಯಾರವೆಂದು ಗುರುತು ಹಿಡಿಯಬೇಕಾಯಿತು, ಅಷ್ಟೆ.

"ಹೆಸರಿಲ್ಲದ ಹಾಳಿ ನಾವು ಹಿಡಿಯೂದಿಲ್ಲ," ಎಂದರು ಅಧ್ಯಕ್ಷ ಸಂಗಯ್ಯನವರು. "ತಪಾಸಣಿಗರ ಯಾದಿಯಿಂದ ನಿನ್ನ ಒಂದ ವರ್ಷ ತಗೀಬೇಕಾಗ್ತೈತಿ. ಆಮ್ಯಾಲ ಯಾ ಸೊಸೈಟಿಯವ್ರೂ ನಿನ್ನ ಒಳಗ ಬಿಡೂದಿಲ್ಲ."

ಹೊರಗೆ ಪಡಸಾಲೆಯ ಬಾಕಿನ ಮೇಲೆ ಅವನ ಹೆಂಡತಿ ಗುರುಲಿಂಗವ್ವ ಬುತ್ತಿಯ ಗಂಟು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಅರ್ಧ ತೆರೆದ ಬಾಗಿಲಿನಿಂದ ಗಂಡನ ಬೆನ್ನು ಕಾಣುತ್ತಿತ್ತು. ಮಾತೆಲ್ಲ ಕೇಳುತ್ತಿತ್ತು.

ಶಿರೂರಿನ ಸಾಲಿ ಮಾಸ್ತರರ ಮಗಳು ಅವಳು. ಮ್ಯಾಟ್ರಿಕ್ ಪಾಸಾದ ವರ್ಷವೇ ಮದುವೆಯಾಗಿತ್ತು. ಮಧ್ಯಾಹ್ನ ಪಾತ್ರೆ ತೊಳೆದ ಮೇಲೆ, ಮಕ್ಕಳು ಸಾಲಿಯಿಂದ ಬರುವ ಮೊದಲು, ಎರಡು ತಾಸು ಅವಳದು. ಆ ಹೊತ್ತಿನಲ್ಲಿ ಅವಳನ್ನು ಯಾರೂ ಕೂಗುತ್ತಿರಲಿಲ್ಲ. ಆ ಹಾಳೆಗಳು ಹುಟ್ಟಿದ್ದು ಆಗಲೇ. ತಾನು ಬರೆದದ್ದನ್ನು ಎಲ್ಲೋ ಯಾರೋ ಓದುತ್ತಾರೆ ಎಂಬುದೇ ಅವಳಿಗೊಂದು ಗುಟ್ಟಿನ ಸುಖವಾಗಿತ್ತು. ಅದು ಗಂಡನ ಕುತ್ತಿಗೆಗೆ ಬರುತ್ತದೆಂದು ಅವಳು ಎಣಿಸಿರಲಿಲ್ಲ. ಈಗ ಒಂದೇ ಒಂದು ಪ್ರಶ್ನೆಗೆ ಹೆದರಿ ಕೂತಿದ್ದಳು. ಅದನ್ನು ಕೇಳಿಬಿಟ್ಟರೆ ಸುಳ್ಳು ಹೇಳಲು ತನಗೆ ಬರುತ್ತದೆಂಬ ಭರವಸೆ ಅವಳಿಗಿರಲಿಲ್ಲ.

ಒಳಗೆ ಸಮಿತಿಯ ಇನ್ನೊಬ್ಬ ಸದಸ್ಯ ದಸ್ತಗೀರಸಾಬರು ಕನ್ನಡಕ ತೆಗೆದು ಒಂದು ಹಾಳೆಯನ್ನು ಬೆಳಕಿಗೆ ಹಿಡಿದರು.

"ಇದು ನಿನ್ನ ಅಕ್ಷರಲ್ಲಪಾ. ನಿನ್ನ ವರದಿ ಓದೇ ನನಗ ಚಾಳೀಸ ಬಂದದ್ದು. ಇದು ಚಾಳೀಸ ಇಲ್ದ ಓದಾಕ ಬರ್ತೈತಿ."

ಅಂದಾನಪ್ಪ ಬಾಗಿಲ ಕಡೆ ನೋಡಿದ. "ಮನ್ಯಾಕಿ ಬರದಾಳ್ರಿ."

ಗುರುಲಿಂಗವ್ವನನ್ನು ಒಳಗೆ ಕರೆದರು. ಅವಳು ಸೆರಗು ಸರಿಮಾಡಿಕೊಂಡು ಗಂಡನಿಂದ ಎರಡು ಹೆಜ್ಜೆ ಹಿಂದೆ ನಿಂತಳು.

"ಇವನ್ನೆಲ್ಲಾ ನೀವ ಬರದೀರೇನವಾ?" ಕೇಳಿದರು ಸಂಗಯ್ಯನವರು.

"ಹೌದ್ರಿ."

"ಖರೇನೋ, ಸುಮ್ನ ತುಂಬಿದ್ದೋ?"

"ಒಂದ ತಾಸೂ ಹೆಚ್ಚ ಬರದಿಲ್ರಿ. ಒಂದ ಅಕ್ಷರಾನೂ ಸುಳ್ಳಿಲ್ಲ."

"ಮತ್ತ ಹೆಸರ ಯಾಕ ಬಿಟ್ರಿ?"

ಗುರುಲಿಂಗವ್ವ ತಲೆ ತಗ್ಗಿಸಿದಳು. ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು. "ಬರಿಯಾಕ ಕೈ ಬರಲಿಲ್ರಿ."

ಸಂಗಯ್ಯನವರು ಹುಬ್ಬು ಗಂಟಿಕ್ಕಿದರು. ದಸ್ತಗೀರಸಾಬರು ಮಾತ್ರ ನಕ್ಕುಬಿಟ್ಟರು.

"ತಿಳೀಲಿಲ್ಲೇನ್ರಿ ಸಂಗಯ್ಯನವರ? ಗಂಡನ ಹೆಸರು. ನಿಮ್ಮ ಮನ್ಯಾಗ ನಿಮಗ ಏನಂತ ಕರೀತಾರ?"

"ಏನ್ರಿ ಅಂತಾಳ," ಎಂದರು ಸಂಗಯ್ಯನವರು. ಸ್ವಲ್ಪ ಯೋಚಿಸಿದರು. "ಮೂವತ್ತ ವರ್ಷಾತು. ನನಗೊಂದ ಹೆಸರೈತಿ ಅನ್ನೂದು ಆಕಿಗೆ ಗೊತ್ತೈತೋ ಇಲ್ಲೋ."

ಕೋಣೆ ಹಗುರಾಯಿತು. ಚಹಾ ಹೇಳಿ ಕಳಿಸಿದರು. "ಮದವ್ಯಾಗ ಒಡಪ ಕಟ್ಟಿ ಅದರಾಗ ಗಂಡನ ಹೆಸರ ಹೇಳಿದಂಗ ಇಲ್ಲೂ ಒಂದ ಒಡಪ ಬರದ ಕಳಿಸಿದ್ರ ನಡೀತಿತ್ತವಾ," ಎಂದು ದಸ್ತಗೀರಸಾಬರು ಛೇಡಿಸಿದರು. ಗುರುಲಿಂಗವ್ವ ತಲೆ ಎತ್ತಲಿಲ್ಲ. ಹೌದೆನ್ನಲಿಲ್ಲ, ಅಲ್ಲವೆನ್ನಲಿಲ್ಲ.

"ಅಂದಾನಪ್ಪ, ಒಂದ ಮಾತು," ದಸ್ತಗೀರಸಾಬರು ಹಾಳೆ ತಿರುವಿದರು. "ಎಂಟನೇ ಪುಸ್ತಕದಾಗ ಮಗ್ಗದ ಸವಕಳಿ ಲೆಕ್ಕ ತಪ್ಪೈತಿ ಅಂತ ಹಿಡದೀಯಲ್ಲ, ಹದಿನೆಂಟನೇ ಪುಟದಾಗ. ನಮಗ್ಯಾರಿಗೂ ಕಂಡಿರಲಿಲ್ಲ. ನಿನಗ ಹೆಂಗ ಹೊಳೀತು?"

ಅಂದಾನಪ್ಪ ಗೋಡೆಯ ಕ್ಯಾಲೆಂಡರ್ ನೋಡಿದ.

"ಹತ್ತೊಂಬತ್ತನೇ ಪುಟರಿ," ಎಂದಳು ಗುರುಲಿಂಗವ್ವ ಮೆಲ್ಲಗೆ.

"ನೋಡ್ರಿ, ಓದಿ ಹೇಳಿದಾವ ಮರತಾನ, ಬರಕೊಂಡಾಕಿಗೇ ನೆನಪೈತಿ. ನೀ ಹೇಳಪಾ."

ಎಂಟನೇ ಪುಸ್ತಿಕೆಯನ್ನು ಬರೆದವರು ಸಂಗಯ್ಯನವರೇ. ಅವರು ಜೋರಾಗಿ ಕೆಮ್ಮಿದರು.

"ಅದಿರ್ಲಿ ಬಿಡ್ರಿ. ಅಚ್ಚಿನವ್ರ ತಪ್ಪು. ಅಂದಾನಪ್ಪ, ಪೆನ್ನ ತಗೋ. ನಿನ್ನ ಹೆಸರ ನೀನ ಬರದ ಮುಗಿಸು."

ಅಂದಾನಪ್ಪ ಹನ್ನೆರಡು ಸಲ ತನ್ನ ಹೆಸರು ಬರೆದ. ಸಂಗಯ್ಯನವರು ಹನ್ನೆರಡು ಸಲ ಶಿಕ್ಕಾ ಒತ್ತಿದರು. ಯಾದಿಯಲ್ಲಿ ಅವನ ಜಾಗ ಉಳಿಯಿತು.

ಇಳಕಲ್ಲಿನ ಬಸ್ಸು ಅಮೀನಗಡ ದಾಟಿತು. ಆಮೇಲೆ ಅಂದಾನಪ್ಪ ಗೊಣಗಿದ.

"ಏನರೆ ನಾಕ ಸಾಲ ಗೀಚಿ ಕಳಸು ಅಂದಿದ್ನಿ. ಅದರ ಜೋಡಿ ನನ್ನ ಹೆಸರೊಂದ ಬರದ್ರ ಏನ ಹೋಗ್ತಿತ್ತು? ರೇಷನ್ ಕಾರ್ಡಿನ ಅರ್ಜ್ಯಾಗ ಬರೀತಿ. ಹುಡುಗ್ರ ಸಾಲಿ ಅರ್ಜ್ಯಾಗ ಬರೀತಿ. ಸಿಟ್ಟ ಬಂದಾಗ ಓಣಿಗೆಲ್ಲಾ ಕೇಳೂಹಂಗ ಹೆಸರ ಹಿಡದ ಕರೀತಿ. ಇಲ್ಲೇ ಎಲ್ಲಿಂದ ಬಂತು ಆ ನಾಚಿಕಿ?"

"ಅಲ್ಲೆಲ್ಲಾ ನಿಮ್ಮ ಹೆಸರು ಖರೆ ಐತಲ್ರಿ," ಎಂದಳು ಗುರುಲಿಂಗವ್ವ, ಕಿಟಕಿಯಾಚೆ ನೋಡುತ್ತ. "ಇಲ್ಲಿ ಓದಿದವರ ಹೆಸರ ಕೇಳಿದ್ರು. ಹನ್ನೆರಡೂ ಓದಿದಾಕಿ ನಾನು. ನಿಮ್ಮ ಹೆಸರ ಬರದ್ರ ಸುಳ್ಳಾಗ್ತಿತ್ತು, ನನ್ನ ಹೆಸರ ಬರದ್ರ ನಿಮ್ಮ ಕೆಲಸ ಹೋಗ್ತಿತ್ತು."